ಮಸಗುಪ್ಪಿಯ ತವರು

ಫ್ಯಾನಿನ ಒಂದು ರೆಕ್ಕೆ ಎಲ್ಲೋ ತಗಲುತ್ತಿದೆ, ಟಕ್ ಎನ್ನುತ್ತದೆ, ತಿರುಗುತ್ತದೆ, ಮತ್ತೆ ಟಕ್, ಠಾಣೆಯವರಿಗೆ ಕೇಳಿಸುವುದೇ ಇಲ್ಲವೇನೋ, ರೂಢಿಯಾಗಿರಬೇಕು, ಬೆಂಚಿನ ತುದಿಗೆ ಕುಳಿತ ಗೌರವ್ವನಿಗೆ ಮಾತ್ರ ಪ್ರತಿ ಸಲವೂ ಕೇಳಿಸುತ್ತದೆ, ತೊಡೆಯ ಮೇಲಿನ ಕೂಸು ಏಳದಿದ್ದರೆ ಸಾಕು, ಎದ್ದರೆ ಹಾಲಿಗೆ ಅಳುತ್ತದೆ, ಹಾಲು ಕೊಡಬೇಕಾದ ಅಲ್ಮಾಜ್ ಆ ನೀಲಿ ಪರದೆಯ ಆಚೆ ಸಾಹೇಬರ ಮುಂದೆ ಕುಳಿತಿದ್ದಾಳೆ, ಒಳಗೆ ಹೋಗಿ ಎಷ್ಟು ಹೊತ್ತಾಯಿತು, ಒಂದು ಮಾತೂ ಹೊರಗೆ ಬರುತ್ತಿಲ್ಲ — ಹಸಿ ಬಾಣಂತಿ, ಕಿವಿಯಲ್ಲಿ ಹತ್ತಿ ಇದೆಯೋ ಇಲ್ಲವೋ, ತಲೆಗೆ ಕಟ್ಟಿದ ಅರಿವೆ ಬಿಚ್ಚಬೇಡ ಎಂದು ಕಾರಿನಲ್ಲೇ ಹೇಳಿದ್ದಳು, ಠಾಣೆಗೆ ಹೋಗುವಾಗ ಅದ್ಯಾಕ ಅಂತ ಅಲ್ಮಾಜಳ ಗಂಡ ಶ್ರೀಶೈಲ ಸಿಡುಕಿದ್ದ, ಯಾಕೆ, ಪೊಲೀಸರ ಮನೆಯಲ್ಲಿ ಹೆಂಗಸರು ಹಡೆಯುವುದಿಲ್ಲವೇ, ಆದರೆ ಅವನೂ ಪಾಪ, ನೆಟ್ಟಗೆ ಊಟ ಮಾಡಿಲ್ಲ, ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಮೊಬೈಲು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಾನೆ, ಯಾರಿಗೆ ಹಚ್ಚುತ್ತಾನೋ, ಯಾರೂ ಎತ್ತುತ್ತಿಲ್ಲವೋ ಏನೋ, ಅವನ ಮುಖ ನೋಡಬಾರದು, ಗೋಡೆ ನೋಡಬೇಕು.

ಗೋಡೆ ನೋಡುತ್ತ ಶ್ರೀಶೈಲ ಹೇಳಿಕೊಟ್ಟ ಮಾತನ್ನು ಮತ್ತೆ ಹೊರಳಿಸಬೇಕು, ಸಾಲಿಯ ಪಾಠ ಒಪ್ಪಿಸಿದ ಹಾಗೆ, ಸಾಲಿಗೆ ಹೋದದ್ದೇ ಎರಡು ವರ್ಷ — ನೀ ಯಾರಂತ ಕೇಳಿದ್ರ ಬೆಣ್ಣಿ ಮಾರಾಕಿ ಅನ್ನು ಗೌರವ್ವಕ್ಕಾ, ಮಸಗುಪ್ಪಿಂದ ಬಂದು ಬೆಣ್ಣಿ ಕೊಟ್ಟು ಹೋಗ್ತೇನಿ ಅನ್ನು, ಅಲ್ಮಾಜ್ ಇಲ್ಲೇ ಗೋಕಾಕದ ಮನ್ಯಾಗ ಇದ್ಲು, ಎಲ್ಲೂ ಹೋಗಿಲ್ಲ, ಅಷ್ಟ, ಹೆಚ್ಚಿಗಿ ಒಂದಕ್ಷರ ಆಡಬ್ಯಾಡ. ಹೆಚ್ಚಿಗಿ ಆಡುವುದು ಗೌರವ್ವನ ಹುಟ್ಟುಗುಣ ಎಂದು ಅವನಿಗೂ ಗೊತ್ತು. ಮಸಗುಪ್ಪಿಯಿಂದ ಇಲ್ಲಿಯ ತನಕ ಕಾರಿನಲ್ಲಿ ಅದನ್ನೇ ಹೇಳಿದ, ಹೆಂಡತಿಗೂ ಹೇಳಿದ, ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕುಳಿತಿದ್ದಳು. ಎಲ್ಲ ಗೋಕಾಕದ ಆ ಬಾಜೂ ಮನೆಯ ರಾಯವ್ವನಿಂದ, ಅಲ್ಲ, ರಾಯವ್ವನದೇನು ತಪ್ಪು, ಇದ್ದದ್ದು ಹೇಳಿದಳು — ಅಲ್ಮಾಜ್ ಇಥಿಯೋಪಿಯಾದವಳು, ಇಲ್ಲಿರುವ ಪರವಾನಗಿ ಮುಂದುವರಿಯಬೇಕೆಂದು ಅರ್ಜಿ ಹಾಕಿದ್ದರು, ಅರ್ಜಿಯಲ್ಲಿ ಗೋಕಾಕದ ಮನೆಯ ವಿಳಾಸ, ಇದ್ದಾಳೋ ಇಲ್ಲವೋ ನೋಡಲು ಠಾಣೆಯವರು ಬಂದರೆ ಬಾಗಿಲಿಗೆ ಬೀಗ, ಶ್ರೀಶೈಲನ ತಾಯಿ ಅಂಕಲಗಿಗೆ ಮದುವೆಗೆ ಹೋಗಿದ್ದಳು, ಅವನು ಹುಕ್ಕೇರಿಯಲ್ಲಿ ಕ್ರೇನಿನ ಮೇಲೆ, ರಾಯವ್ವ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತವಳು ಹೇಳಿಬಿಟ್ಟಳು, ಬಾಣಂತನಕ್ಕ ತವರಮನಿಗೆ ಹೋಗ್ಯಾಳ್ರಿ. ಇಥಿಯೋಪಿಯಾದವಳಿಗೆ ಇಲ್ಲಿ ಯಾವ ತವರು ಎಂದು ಅವರು ಕೂಡಲೇ ಹುಕ್ಕೇರಿಗೆ ಫೋನು ಹಚ್ಚಿದರೆ ಈ ಶ್ರೀಶೈಲ, ಏಳೆಂಟು ವರ್ಷ ಒಮಾನಿನ ಬಂದರಿನಲ್ಲಿ ಕ್ರೇನು ನಡೆಸಿದ ಗಟ್ಟಿ ಆಳು, ಹೆದರಿ ಗೋಕಾಕದಾಗ ಅದಾಳ್ರಿ, ಸಂತಿಗೆ ಹೋಗಿರಬೇಕು ಎಂದ. ಹಸಿ ಬಾಣಂತಿ ಸಂತೆಗೆ! ಸುಳ್ಳಾದರೂ ನಂಬುವಂಥದು ಹೇಳಬಾರದಿತ್ತೇ. ಈಗ ಆ ಸುಳ್ಳಿಗೆ ಎಲ್ಲರೂ ಕೈಹಚ್ಚಬೇಕಾಗಿದೆ, ಹಚ್ಚದಿದ್ದರೆ ಅವಳನ್ನು ವಿಮಾನ ಹತ್ತಿಸಿ ಕಳಿಸಿಬಿಡ್ತಾರ ಅಂತಾನೆ ಶ್ರೀಶೈಲ, ಕೂಸು ಇಲ್ಲಿ, ತಾಯಿ ಅಲ್ಲಿ, ಬೇಡಪ್ಪ, ಬಸವಣ್ಣಾ, ಅದೊಂದು ಬೇಡ.

ತವರು ಎಂದರೆ ಹುಟ್ಟಿದ್ದೇ ಆಗಬೇಕೆಂದು ಯಾರು ಹೇಳಿದರು. ಅವತ್ತು ಗೌರವ್ವ ಹೋದದ್ದು ಬೆಣ್ಣೆ ಕೊಡಲಿಕ್ಕೆ, ಆಣೆ ಮಾಡಿ ಹೇಳುತ್ತಾಳೆ, ಬೆಣ್ಣೆಗೇ, ಶ್ರೀಶೈಲನ ಮನೆಯಲ್ಲಿ ಕುಬುಸದ ಕಾರ್ಯ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಹೋಳಿಗೆಗೆ ಬೆಣ್ಣೆ ಕಾಸಬೇಕು ಜಲ್ದಿ ತಾ ಅಂದಿದ್ದರು, ಪಡಸಾಲೆಯ ತುಂಬ ಹೆಂಗಸರು, ನಡುವೆ ಕುರ್ಚಿಯಲ್ಲಿ ಈ ಕಪ್ಪು ಚೆಲುವೆ ಹಸಿರು ಬಳೆ ತೊಟ್ಟು ಕುಳಿತಿದ್ದಾಳೆ, ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ, ಮೊದಲ ಉಡಿ ತವರಿನವರೇ ತುಂಬಬೇಕು, ತವರಿನವರು ಎಲ್ಲಿಂದ ಬರಬೇಕು, ಸಮುದ್ರ ದಾಟಿಯೇ, ತವರು ಇಲ್ಲದ ಕುಬುಸ ಎಂಥಾದ್ದು ಬಿಡು ಎಂದು ಯಾರೋ ಪಿಸುಗುಟ್ಟಿದರು, ಅವಳಿಗೆ ಕನ್ನಡ ಆಗ ಅಷ್ಟಕ್ಕಷ್ಟೆ, ಆದರೆ ಅಂಥ ಮಾತು ತಿಳಿಯಲು ಭಾಷೆ ಯಾಕೆ ಬೇಕು, ಕಣ್ಣು ಕೆಳಗೆ ಹಾಕಿದಳು. ಗೌರವ್ವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಈಗಲೂ ಹೇಳಲಾರಳು, ಬೆಣ್ಣೆಯ ಬೋಗುಣಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು, ಸರೀರಿ, ನಾ ಇದ್ದೇನಲ್ಲ, ಇಕಿ ನನ್ನ ಮಗಳು, ಮಸಗುಪ್ಪಿ ಇಕಿ ತವರು, ಎಂದು ಮೊರದಿಂದ ಅಕ್ಕಿ ಎತ್ತಿ ಅವಳ ಉಡಿಗೆ ಹಾಕಿದಳು. ಹೆಣ್ಣಿಲ್ಲದ ಹೊಟ್ಟೆ ಅವಳದು, ಮಗ ಬಸವಲಿಂಗ ಒಬ್ಬನೇ. ಮನೆಗೆ ಬಂದು ಹೇಳಿದಾಗ ಬಸವಲಿಂಗ ನಕ್ಕ, ಬೆಣ್ಣಿ ಮಾರಾಕ ಹೋಗಿ ಮಗಳ್ನ ಹಡದು ಬಂದಿ ಅಲ್ಲಬೇ ಎಂದ.

ಉಡಿ ತುಂಬಿದ ಮೇಲೆ ಬಾಣಂತನ ಬಿಟ್ಟೀತೇ. ಕರೆದುಕೊಂಡು ಬಂದಳು, ಓಂಕಾಳಿನ ಹೊಗೆ ಹಾಕಿದಳು, ಅಳವಿಯ ಪಾಯಸ, ಅಂಟಿನುಂಡೆ, ಬಿಸಿನೀರು ಹೊಯ್ಯುವಾಗ ಅವಳ ಮಣಿಕಟ್ಟಿನ ಮೇಲೆ ಹಚ್ಚೆ ಕಂಡಿತು, ಸಣ್ಣ ಶಿಲುಬೆ, ಗೌರವ್ವ ತನ್ನ ಮೊಳಕೈಯ ಮೇಲಿನ ಹಚ್ಚೆ ತೋರಿಸಿದಳು, ಇಬ್ಬರೂ ಬಚ್ಚಲಲ್ಲಿ ನಕ್ಕದ್ದೇ ನಕ್ಕದ್ದು, ನಿಮ್ಮವ್ವನೂ ಸೂಜಿ ಚುಚ್ಚಿಸಿದಳೇನ, ಹೂಂ ಅವ್ವಾ, ನಾ ಅತ್ತಿದ್ದೆ, ಭಾಳ ಅತ್ತಿದ್ದೆ. ಅವ್ವಾ ಎಂದು ಕರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ. ತಿಂಗಳು ಕಳೆದು ಮೈ ಗಟ್ಟಿಯಾದ ಮೇಲೆ ಒಂದು ದಿನ ಅಲ್ಮಾಜ್ ಹಂಚಿನ ಮೇಲೆ ಕಾಫಿ ಬೀಜ ಹುರಿದಳು, ಓಣಿಯೆಲ್ಲ ವಾಸನೆ, ಏನ ಸುಟ್ಟೀರಿ ಎಂದು ಎಲ್ಲರೂ ಬಂದರು, ಎಲ್ಲರಿಗೂ ಕರಿ ಕಾಫಿ, ಕಹಿ, ಔಷಧದ ಹಾಗೆ, ಎದುರುಮನೆಯ ಭರಮವ್ವ ಒಂದು ಗುಟುಕಿಗೆ ಮುಖ ಹಿಂಡಿದರೂ ಕಪ್ಪು ಕೆಳಗಿಡಲಿಲ್ಲ. ಇಷ್ಟೆಲ್ಲ ಊರಿಗೆ ಗೊತ್ತಿದೆ, ಮುಚ್ಚಿಟ್ಟದ್ದೇನು, ಠಾಣೆಗೊಂದು ಗೊತ್ತಿಲ್ಲ, ಠಾಣೆಗೆ ಗೊತ್ತು ಮಾಡಬೇಕೆಂದು ಹೇಳಿದವನೂ ಇದ್ದ, ಅದೇ ಈಗ ಕರುಳಿಗೆ ಚುಚ್ಚುತ್ತಿರುವುದು. ಮೂಡಲಗಿಯ ಆನ್‌ಲೈನ್ ಅಂಗಡಿಯ ಉಮೇಶ, ರೇಶನ್ ಕಾರ್ಡಿಗೆ ಬೆರಳು ಕೊಡಲು ಹೋದಾಗ ತಾನಾಗಿ ಕೇಳಿದ, ಗೌರವ್ವಕ್ಕಾ, ಪರದೇಶದಾಕಿ ನಿಮ್ಮ ಮನ್ಯಾಗ ಅದಾಳಂತ, ಹೌದೇನು, ಪರದೇಶದವರನ್ನ ಇಟಗೊಂಡವರು ಒಂದು ದಿನದಾಗ ಸರಕಾರಕ್ಕ ತಿಳಿಸಬೇಕು, ಬರ್ರಿ, ಈಗ ಹಾಕಿಬಿಡ್ತೇನಿ, ತಡಾ ಆದ್ರೂ ಚಿಂತಿಲ್ಲ. ಹಾಕು ಎನ್ನುವವಳಿದ್ದಳು, ಖರೆ, ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅವನು ಕೇಳಿದ, ಅತಿಥಿ ಅಂತ ಹಾಕಲ್ಯಾ?

ಅತಿಥಿ! ಅಲ್ಲಿಗೆ ತಲೆ ಕೆಟ್ಟಿತು. ನಾ ಏನು ಲಾಡ್ಜ್ ಇಟ್ಟೇನೇನೋ, ಬಾಣಂತನಕ್ಕ ಬಂದ ಮಗಳನ್ನ ಯಾವ ಮನ್ಯಾಗ ಅತಿಥಿ ಅಂತಾರೋ, ನಿನ್ನ ತಂಗಿ ಹಡ್ಯಾಕ ಬಂದಾಗ ನೀ ಪೊಲೀಸರಿಗೆ ಬರದು ಕೊಟ್ಟಿದ್ದೇನು? ಅಂಗಡಿಯಲ್ಲಿ ನಿಂತವರೆಲ್ಲ ನಕ್ಕರು, ಉಮೇಶನೂ ನಕ್ಕ, ಗೌರವ್ವ ಗೆದ್ದವಳ ಹಾಗೆ ಹೊರಬಿದ್ದಳು, ದಾರಿಯುದ್ದಕ್ಕೂ ಅದೇ ಬಿಂಕ, ಉಡಿ ತುಂಬಿದವಳನ್ನು ಬಂದು ಹೋಗುವವರ ಲೆಕ್ಕಕ್ಕೆ ಹಾಕಿದರೆ ತುಂಬಿದ ಉಡಿ ಸುಳ್ಳಾಗುವುದಿಲ್ಲವೇ, ಅಕ್ಕಿ ಸುಳ್ಳಾಗುವುದಿಲ್ಲವೇ, ಅಲ್ಮಾಜಳಿಗೆ ಹೇಳಲೂ ಇಲ್ಲ, ಹಾಲು ಕುಡಿಸುವವಳಿಗೆ ಇಂಥದ್ದೆಲ್ಲ ಯಾಕೆ ಎಂದು. ಎಂಥ ಹುಚ್ಚಿ. ಸರಕಾರಕ್ಕೆ ಉಡಿಯ ಅಕ್ಕಿ ಕಾಣುತ್ತದೆಯೇ, ಒಂದು ಮಾತು ಹಾಕಿಸಿದ್ದರೆ ಏನು ಗಂಟು ಹೋಗುತ್ತಿತ್ತು, ಅತಿಥಿ ಅಂದರೆ ಅತಿಥಿ, ಮನೆಗೆ ಬಂದು ಅಂಟಿನುಂಡೆ ಕೊಡುವಾಗ ಮಗಳೇ ಆಗಿರುತ್ತಿದ್ದಳು. ಒಳಗೆ ಕುರ್ಚಿ ಸರಿದ ಸದ್ದು. ಎದ್ದಳೇ? ಇಲ್ಲ, ಮತ್ತೆ ಸುಮ್ಮನಾಯಿತು. ಏನು ಹೇಳುತ್ತಿದ್ದಾಳೆ ಇಷ್ಟು ಹೊತ್ತು, ಇಲ್ಲೇ ಇದ್ದೆ ಎನ್ನಲು ಎಷ್ಟು ಹೊತ್ತು ಬೇಕು, ತಡವರಿಸಿದಳೇ, ಅವಳಿಗೆ ಸುಳ್ಳು ಬರುವುದಿಲ್ಲ, ಅವಳೇ ಹೇಳಿದ್ದಳು, ಕೂಸಿಗೆ ಎಣ್ಣೆ ಹಚ್ಚುವಾಗ, ಒಮಾನಿನಲ್ಲಿ ಅವಳ ಗೆಳತಿ ಒಬ್ಬಳು ವೀಸಾ ಕೌಂಟರಿನ ಮುಂದೆ ಒಂದು ಸುಳ್ಳು ಹೇಳಿದಳಂತೆ, ಸಣ್ಣದು, ಸಿಕ್ಕಿಬಿದ್ದಳಂತೆ, ಬಟ್ಟೆ ತಗೊಳ್ಳಲೂ ಬಿಡದೆ ಕಳಿಸಿಬಿಟ್ಟರಂತೆ, ತಪ್ಪು ಮಾಡಿದ್ರ ಬಿಡ್ತಾರ ಅವ್ವಾ, ಸುಳ್ಳು ಒಂದ ಸಾಕು ಕಳಸಾಕ. ಅದಕ್ಕೇ ಎರಡು ಬಾಯಿ ಒಂದೇ ಮಾತು ಆಡಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು, ಅವಳು ತಡವರಿಸಿದರೂ ತಾನು ತಡವರಿಸಬಾರದು, ಬೆಣ್ಣಿ ಮಾರಾಕಿ, ಗೋಕಾಕದಾಗ ಇದ್ಲು, ಎಲ್ಲೂ ಹೋಗಿಲ್ಲ.

ಕೂಸು ಎದ್ದಿದೆ. ಅಳಲಿಲ್ಲ, ಕಣ್ಣು ಬಿಟ್ಟು ಫ್ಯಾನು ನೋಡುತ್ತಿದೆ, ಕೈ ಆಡಿಸುತ್ತ ಗೌರವ್ವನ ಸೆರಗಿನ ಅಂಚು ಸಿಕ್ಕಿತು, ಹಿಡಿಯಿತು, ಎಷ್ಟು ಸಣ್ಣ ಮುಷ್ಟಿ, ಎಷ್ಟು ಗಟ್ಟಿ, ಬಿಡೋ ನಮ್ಮಪ್ಪಾ, ಬಿಡುವುದಿಲ್ಲ, ಪರದೆ ಸರಿಯಿತು, ಪೇದೆಯೊಬ್ಬ ಇಣುಕಿದ, ಬಾಯಾರ, ಒಳಗ ಬರ್ರಿ, ಸಾಹೇಬ್ರು ಕರೀತಾರ. ಎದ್ದಳು, ಮುಷ್ಟಿಯಲ್ಲಿ ಸೆರಗು ಹಾಗೇ ಇದೆ, ಹಿಂದೆ ಶ್ರೀಶೈಲ ಓಡಿಬಂದ, ಬಾಗಿಲಲ್ಲೇ ನಿಂತ, ಒಳಗೆ ಅಲ್ಮಾಜ್ ತಿರುಗಿ ನೋಡಿದಳು, ಮುಖ ತಿಳಿಯಾಗಿದೆ, ಒಂದಿಷ್ಟು ನಕ್ಕಳು ಕೂಡ, ಅತ್ತು ಮುಗಿಸಿದವರು ನಗುವ ಹಾಗೆ, ಸದ್ಯ, ಅವಳದು ಸರಿಯಾಗಿ ಆಗಿದೆ, ಇನ್ನು ತನ್ನದೊಂದು. ಸಾಹೇಬರು ಇನ್ನೂ ಪ್ರಾಯದವರು, ಮೃದು ಮಾತು, ಕುಂದರ್ರಿ ಎಂದರು, ಕೂರಲಿಲ್ಲ, ಏನ್ ಹೆಸರು, ಗೌರವ್ವ, ಯಾವೂರು, ಮಸಗುಪ್ಪಿರಿ, ಈ ಹೆಣಮಗಳು ನಿಮಗ ಏನಾಗಬೇಕು?

ಏನೂ ಆಗಬೇಕಿಲ್ರಿ, ಎಂದಳು ಗೌರವ್ವ. ನಾ ಬೆಣ್ಣಿ ಮಾರಾಕಿ. ಅವರ ಮನಿಗೆ ಬೆಣ್ಣಿ ಕೊಡತೇನಿ. ಇಕಿ ಇಲ್ಲೇ ಗೋಕಾಕದಾಗ ಇದ್ಲ್ರಿ, ಎಲ್ಲೂ ಹೋಗಿಲ್ಲ, ಇವತ್ತ ಕೂಸು ಹಿಡಕೊಳ್ಳಾಕ ಬಾ ಅಂದ್ರು, ಬಂದೇನಿ. ತಡವರಿಸಲೇ ಇಲ್ಲ, ನೀರು ಕುಡಿದ ಹಾಗೆ ಹೇಳಿದಳು, ಹೇಳಿ ಮುಗಿಸಿ ಉಸಿರು ಬಿಟ್ಟಳು. ಸಾಹೇಬರು ಪೆನ್ನು ಕೆಳಗಿಟ್ಟರು. ಆಕಿ ಈಗ ಏನ್ ಹೇಳಿದ್ಲು ಗೊತ್ತೈತೇನ್ರಿ ನಿಮಗ, ಎಂದರು, ದನಿ ಏರಿಸಲಿಲ್ಲ, ಏರಿಸಿದ್ದರೆ ಚಲೋ ಇತ್ತು. ಗಂಡ ಅಂಜಿ ಸುಳ್ಳ ಹೇಳ್ಯಾನ, ನಾ ಮಸಗುಪ್ಪಿಯೊಳಗ ನಮ್ಮವ್ವನ ಮನ್ಯಾಗ ಇದ್ದೆ, ತಿಳಿಸಬೇಕಿತ್ತು, ತಿಳಿಸಲಿಲ್ಲ, ತಪ್ಪಾತು ಅಂದ್ಲು. ನಮ್ಮವ್ವ ಹೊರಗ ಕುಂತಾಳ, ಆಕಿನ್ನ ಕೇಳ್ರಿ, ಆಕಿ ಖರೆ ಹೇಳ್ತಾಳ ಅಂದ್ಲು. ನೀವು ಹೌದು ಅಂದಿದ್ರ ತಡವಾಗಿ ತಿಳಿಸ್ಯಾರ ಅಂತ ಬರಕೊಂಡು ಇವತ್ತ ಮನಿಗೆ ಕಳಸ್ತಿದ್ದೆ. ಈಗ ಎರಡು ಮಾತಾದ್ವು. ಎರಡೂ ಬರದು ಬೆಳಗಾವಿ ದೊಡ್ಡ ಸಾಹೇಬ್ರಿಗೆ ಕಳಸಬೇಕು. ಅವರು ಇಕಿನ್ನ ಇರಾಕ ಬಿಡತಾರೋ ಇಲ್ಲೋ, ನನ್ನ ಕೈಯಾಗಿಲ್ಲ.

ಸಾಹೇಬ್ರ, ನನ್ನ ಮಗಳ್ರಿ ಆಕಿ, ನನ್ನ ಮಗಳು, ಎಂದು ಬಾಯಿ ಅನ್ನುತ್ತಿದೆ, ತನ್ನದೇ ಬಾಯಿ, ಬಚ್ಚಲಲ್ಲಿ ನೀರು ಹೊಯ್ದದ್ದು, ಹೊಗೆ ಹಾಕಿದ್ದು, ಎಲ್ಲ ಒಂದರ ಮೇಲೊಂದು ಬೀಳುತ್ತಿವೆ, ಸಾಹೇಬರು ತಲೆ ಎತ್ತುತ್ತಿಲ್ಲ, ಯಾವುದನ್ನ ನಂಬಲೆವ್ವಾ ಎಂದು ಬರೆಯುತ್ತಲೇ ಇದ್ದಾರೆ, ಬಾಗಿಲಲ್ಲಿ ಶ್ರೀಶೈಲ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಿದ್ದಾನೆ, ಅಲ್ಮಾಜ್ ಎದ್ದಿದ್ದಾಳೆ, ನಗು ಹೋಗಿದೆ, ಸಿಟ್ಟೂ ಇಲ್ಲ, ಬಯ್ಯಬಾರದೇ, ಹೊಡೆಯಬಾರದೇ, ಕೂಸಿಗೆ ಕೈ ಚಾಚಿದಳು, ಗೌರವ್ವ ಕೊಟ್ಟಳು, ಕೂಸು ಬರಲಿಲ್ಲ, ಸೆರಗು ಮುಷ್ಟಿಯಲ್ಲಿದೆ, ಗೌರವ್ವ ಬಿಡಿಸಲಿಲ್ಲ, ತನ್ನ ಕೈಯಿಂದ ಆಗದು, ಅಲ್ಮಾಜ್ ಬಾಗಿ ಬಿಡಿಸುತ್ತಿದ್ದಾಳೆ, ಮೇಲೆ ನೋಡದೆ, ಒಂದು ಬೆರಳು, ಮತ್ತೊಂದು ಬೆರಳು, ಬಿಡಿಸಿದ ಬೆರಳು ಮತ್ತೆ ಮಡಚುತ್ತದೆ, ಮತ್ತೆ ಹಿಡಿಯುತ್ತದೆ, ಅವಳು ಮತ್ತೆ ಬಿಡಿಸುತ್ತಾಳೆ, ಮುಷ್ಟಿ, ಸೆರಗು, ಮುಷ್ಟಿ —