ಚಾಪೆಯ ಕೆಳಗಿದ್ದವನು

ಚಾಪೆಯ ಕೆಳಗೆ ಅಪೆಲು ಕೆಮ್ಮಿದ. ಬೆಳಗಿನ ಜಾವದ ಥಂಡಿ ಅವನಿಗೆ ಯಾವತ್ತೂ ಆಗಿಬರುವುದಿಲ್ಲ. ಹಿಂದೆ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಅವನ ಹೆಂಡತಿ ಫುವಾಟಿನೊ ಆ ಕೆಮ್ಮು ಕೇಳಿ ತಲೆ ಎತ್ತಿದಳು. ಅಲ್ಲಿ ಕೂತು ಕೆಮ್ಮಬೇಕಾದವನು ತನ್ನ ಗಂಡನಲ್ಲ. ಕೆಮ್ಮಬೇಕಾದವನು ಪಕ್ಕದಲ್ಲೇ, ಚಾಪೆಯ ಹೊರಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೊಣಕಾಲಿಗೆ ಕಲ್ಲು ಒತ್ತದಿರಲಿ ಅಂತ ಕೆಳಗೆ ಟವೆಲ್ಲು ಮಡಚಿಟ್ಟುಕೊಂಡು ಕೂತಿದ್ದ.

ಅವನು ಸೊಲೋಮೊನಾ. ಫುವಾಟಿನೊಳ ಕುಟುಂಬದ ಯಜಮಾನ, ನಮ್ಮ ಚರ್ಚಿನ ಹಿರಿಯ, ಅವಳಿಗೆ ದೊಡ್ಡಪ್ಪನ ಮಗ. ಅವಳ ಮನೆ ನಿಂತಿರುವುದು ಅವನ ಹಕ್ಕಿನ ನೆಲದಲ್ಲಿ. ಅವಳ ಗಂಡ ಅಪೆಲು ಬೇರೆ ಊರಿನವನು, ಹೆಂಡತಿಯ ಮನೆಗೆ ಬಂದು ನೆಲೆಸಿದವನು. ಹಾಗೆ ಬಂದ ಗಂಡಸಿಗೆ ನಮ್ಮಲ್ಲಿ ಯಾವ ಮಾತೂ ಇಲ್ಲ, ಬರೀ ಕೆಲಸ. ಹಂದಿ ಕೊಯ್ಯುವುದು, ಕಲ್ಲೊಲೆ ಹಚ್ಚುವುದು, ಟಾರೋ ಗೆಡ್ಡೆ ಹೊತ್ತು ತರುವುದು. ಇಪ್ಪತ್ತು ವರ್ಷದಿಂದ ಅವನು ಅದನ್ನೇ ಮಾಡಿಕೊಂಡು ಬಂದಿದ್ದ.

ಎದುರಿಗಿದ್ದದ್ದು ಲುಪೆಯ ಮನೆ. ಗಂಡ ಸತ್ತ ಹೆಂಗಸು. ಅವಳ ಒಬ್ಬನೇ ಮಗ ಇಯೋನಾ ಹಿಂದಿನ ಶುಕ್ರವಾರ ಸಂಜೆ ಹಾಡಿನ ಅಭ್ಯಾಸ ಮುಗಿಸಿ ಬರುವಾಗ ಸೊಲೋಮೊನಾನ ಪಿಕಪ್ ಗಾಡಿಗೆ ಸಿಕ್ಕಿ ಸತ್ತಿದ್ದ. ಇಂಥ ಸಾವಾದರೆ ಇಫೋಗಾ ಮಾಡಲೇಬೇಕು. ಕೊಂದವನು ಮನೆತನದ ಚಾಪೆ ಹೊದ್ದು ಸತ್ತವನ ಬಾಗಿಲಲ್ಲಿ ಕೂರಬೇಕು, ಅವನ ಕುಟುಂಬದವರು ಸುತ್ತ ಕೂರಬೇಕು. ಸತ್ತವನ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಬೀಳುವುದು ಕಲ್ಲೋ ಕತ್ತಿಯೋ, ಅದು ಅವರ ಇಷ್ಟ. ಆ ಚಾಪೆಯನ್ನು ಇನ್ನಾರೂ ಮುಟ್ಟುವ ಹಾಗಿಲ್ಲ, ಹೊದ್ದವನು ತಾನೇ ಸರಿಸುವ ಹಾಗೂ ಇಲ್ಲ.

ಸೂರ್ಯ ತೆಂಗಿನ ಮರಗಳ ತಲೆಗೆ ಬರುವ ಹೊತ್ತಿಗೆ ಲುಪೆ ಹೊರಗೆ ಬಂದಳು. ಕೂದಲು ಕಟ್ಟಿರಲಿಲ್ಲ. ಅವಳ ಮೈದುನರು ಕತ್ತಿ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದರು. ಲುಪೆ ಬಹಳ ಹೊತ್ತು ಚಾಪೆಯನ್ನೇ ನೋಡಿದಳು. ಆಮೇಲೆ ಬಂದು ಅದನ್ನು ಎತ್ತಿದಳು. ಅಪೆಲುವಿನ ಬೆವೆತ ಮುಖ ಕಂಡಿತು. ಅವಳು ಅವನ ತಲೆ ಮೇಲೆ ಕೈ ಇಟ್ಟು, "ಏಳಪ್ಪ. ನಿನಗೂ ಮಕ್ಕಳಿದಾರೆ. ಹೋಗು," ಅಂದಳು.

ಅಪೆಲು ಬಿಕ್ಕಿ ಬಿಕ್ಕಿ ಅತ್ತ. ಪಕ್ಕದಲ್ಲಿ ಸೊಲೋಮೊನಾ ಅವನಿಗಿಂತ ಜೋರಾಗಿ ಅತ್ತ. ಥೂ, ಅದನ್ನು ನೋಡಬೇಕಿತ್ತು ನೀವು. ಅತ್ತು, ಮೂಗು ಒರೆಸಿಕೊಂಡು, ಎದ್ದು, ಆ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

ಆ ಶುಕ್ರವಾರ ಸಂಜೆ ಫುವಾಟಿನೊ ರಸ್ತೆ ಬದಿಯಲ್ಲಿ ಕೋಕೋ ಬೀಜ ಹರವಿದ್ದಳು. ಮೋಡ ಕಟ್ಟಿತ್ತು ಅಂತ ಬಾಚಿಕೊಳ್ಳಲು ಬಗ್ಗಿದ್ದಳು. ಪಿಕಪ್ಪು ತಿರುವಿನಲ್ಲಿ ಹುಚ್ಚಾಪಟ್ಟೆ ಬಂತು, ಇಯೋನಾನನ್ನು ಹೊಡೆದು, ಅವಳ ಬೀಜದ ಮೇಲೆಲ್ಲ ಹರಿದು, ಬ್ರೆಡ್‌ಫ್ರೂಟ್ ಮರಕ್ಕೆ ತಾಗಿ ನಿಂತಿತು. ಬಾಗಿಲು ತೆಗೆದು ಇಳಿದವನು ಸೊಲೋಮೊನಾ. ಒಬ್ಬನೇ. ಬಾಯಿ ಬಿಯರ್ ನಾರುತ್ತಿತ್ತು. ಹುಡುಗನ ಹತ್ತಿರ ಹೋಗಿ ಬಗ್ಗಿ ನೋಡಿದ, ಮುಟ್ಟಲಿಲ್ಲ. ತನ್ನ ಚಪ್ಪಲಿಗೆ ಅಂಟಿದ್ದನ್ನು ಹುಲ್ಲಿಗೆ ಒರೆಸಿದ. ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಅಷ್ಟರಲ್ಲಿ ಓಡಿಬಂದು ಹುಡುಗನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದ ಫುವಾಟಿನೊಗೆ ಅವನು ಅಂದದ್ದು ಒಂದೇ ಮಾತು: "ನೀನೇನೂ ನೋಡಿಲ್ಲ, ತಂಗಿ. ಅಪೆಲುನ ಕರಿ."

ಅಪೆಲು ಬಂದ. ಯಜಮಾನ ಹೇಳಿದ, ಅವನು ಹೂಂ ಅಂದ. ಪೊಲೀಸರು ಬಂದಾಗ ಅವನೇ ಸ್ಟಿಯರಿಂಗ್ ಮುಂದೆ ಕೂತಿದ್ದ. ಕೆಲವು ದಿನಕ್ಕೆ ಸೊಲೋಮೊನಾ ಜಾಮೀನು ಕೊಟ್ಟು ಅವನನ್ನು ಇಫೋಗಾಕ್ಕೆ ಕರೆತಂದ.

ಇಫೋಗಾ ಮುಗಿಸಿ ಮನೆಗೆ ಬಂದ ಮೇಲೆ ಫುವಾಟಿನೊ ಗಂಡನ ಮುಂದೆ ಕೋಕೋ ಲೋಟ ಕುಕ್ಕಿದಳು.

"ಅವನ ಒಲೆ ಉರಿಸಿದ್ದು ಸಾಲದಾ? ಇನ್ನು ಅವನ ಪಾಪಾನೂ ನೀನೇ ಬೇಯಿಸಿ ಬಡಿಸಬೇಕಾ?"

"ನಾನು ಈ ಮನೆಗೆ ಬಂದವನು ಕಣೆ. ಯಜಮಾನನ ಮಾನ ಹೋದ್ರೆ ಇಡೀ ಕುಟುಂಬದ್ದು ಹೋಗುತ್ತೆ." ಅಪೆಲು ಲೋಟ ಊದುತ್ತ ಹೇಳಿದ. ಅವನ ದನಿಯಲ್ಲಿ ಒಂಥರ ಹೆಮ್ಮೆ ಇತ್ತು. ಅದೇ ಅವಳಿಗೆ ತಡೆಯಲಿಕ್ಕಾಗಲಿಲ್ಲ. "ಕ್ಷಮೆ ಸಿಕ್ಕಿದೆ ಅಂದ್ರೆ ಜಡ್ಜು ಶಿಕ್ಷೆ ಕಡಿಮೆ ಮಾಡ್ತಾರಂತೆ. ಎರಡು ವರ್ಷ, ಮೂರು ವರ್ಷ. ಕಳೆದುಹೋಗುತ್ತೆ."

"ಕ್ಷಮೆ ಯಾರಿಗೆ ಸಿಕ್ತು? ಆ ಲುಪೆ ಕೈ ಇಟ್ಟಿದ್ದು ಯಾರ ತಲೆ ಮೇಲೆ?"

ನಮ್ಮ ಕಡೆ ಮನೆಗಳಿಗೆ ಗೋಡೆಯಿಲ್ಲ, ಬರೀ ಕಂಬ. ಮಾತು ಎಲ್ಲಿಗೆ ಬೇಕಾದರೂ ಹೋಗುತ್ತದೆ ಅಂತ ಅಪೆಲು ಕಣ್ಣಲ್ಲೇ ಸನ್ನೆ ಮಾಡಿದ.

ಮಧ್ಯಾಹ್ನ ಸೊಲೋಮೊನಾನೇ ಬಂದ. ಚಾಪೆ ಎಳೆದುಕೊಂಡು ಕೂತು, ಪಪ್ಪಾಯಿ ತಿಂದು, ಬೀಜ ಅಂಗಳಕ್ಕೆ ಉಗಿದ. ಆಮೇಲೆ ಬಾಯಿ ಬಿಟ್ಟ.

"ನೋಡು ತಂಗಿ, ಕೋರ್ಟಿಗೆ ಕಣ್ಣಾರೆ ಕಂಡ ಸಾಕ್ಷಿ ಬೇಕಂತೆ. ನೀನು ಅಲ್ಲೇ ಇದ್ದೆಯಲ್ಲ."

"ನಾನೇನೂ ನೋಡಿಲ್ಲ ಅಂದಿದ್ದಿ, ಅಣ್ಣ."

"ಅದು ಆವತ್ತು. ಈಗ ನೋಡಿದೀಯ. ಅಪೆಲು ಗಾಡಿಯಿಂದ ಇಳಿದಿದ್ದು ನೋಡಿದೀಯ." ಅವನು ಬೆರಳು ನೆಕ್ಕಿಕೊಂಡ. "ಕಟ್ಟಿಕೊಂಡ ಹೆಂಡತೀನೇ ಬೈಬಲ್ ಮುಟ್ಟಿ ಹೇಳಿದ್ರೆ ಯಾರು ಅನುಮಾನ ಪಡ್ತಾರೆ ಹೇಳು?"

ಫುವಾಟಿನೊ ಅವನ ಬೆರಳುಗಳನ್ನೇ ನೋಡುತ್ತಿದ್ದಳು. "ಹೇಳದಿದ್ರೆ?"

"ಈ ನೆಲ ಯಾರದು ಅಂತ ನಿನಗೆ ಗೊತ್ತು. ಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗ್ತಿ?" ಸಮಾಧಾನವಾಗಿಯೇ ಹೇಳಿದ. ಹೋಗುವಾಗ ಇನ್ನೂ ಒಂದು ಪಪ್ಪಾಯಿ ಕಿತ್ತುಕೊಂಡು ಹೋದ.

ಅವನು ಹೋದ ಮೇಲೆ ಫುವಾಟಿನೊ ಅವನು ಕೂತಿದ್ದ ಚಾಪೆಯನ್ನು ಹೊರಗೆ ಹಾಕಿ ನೀರು ಸುರಿದಳು. ತಿಕ್ಕಿದಳು. ಮತ್ತೆ ತಿಕ್ಕಿದಳು. ಇಫೋಗಾಕ್ಕೆ ಒಯ್ದು ಲುಪೆಗೆ ಕೊಟ್ಟುಬಂದ ಚಾಪೆ ಫುವಾಟಿನೊಳ ತಾಯಿ ನೇಯ್ದದ್ದು. ಬಟ್ಟೆಯ ಹಾಗೆ ನುಣುಪು, ಅಂಚಿಗೆ ಕೆಂಪು ಗರಿ. ನೇಯ್ದು ಮುಗಿಸುವಷ್ಟರಲ್ಲಿ ಮುದುಕಿಯ ಕಣ್ಣು ಮಂಜಾಗಿತ್ತು. ಮನೆತನದ ಅತಿ ಒಳ್ಳೆಯ ಚಾಪೆ ಕೊಡಬೇಕು ಅಂತ ಸೊಲೋಮೊನಾ ಅದನ್ನೇ ಅವಳ ಪೆಟ್ಟಿಗೆಯಿಂದ ತೆಗೆಸಿದ್ದ. ಸುಳ್ಳಿಗೆ ಹೊದಿಸಲು ತನ್ನ ತಾಯಿಯ ಕಣ್ಣೇ ಬೇಕಾಯಿತೇ ಅಂತ ಅವಳಿಗೆ ಮೈ ಉರಿಯಿತು.

ಭಾನುವಾರ ಸಂಜೆಯ ಆರಾಧನೆಯಲ್ಲಿ ಸಾಕ್ಷಿ ಹೇಳುವುದು ನಮ್ಮ ಚರ್ಚಿನ ಪದ್ಧತಿ. ದೇವರು ತನಗೆ ಏನು ಮಾಡಿದ ಅಂತ ಮನಸ್ಸಾದವರು ಎದ್ದು ಹೇಳಬಹುದು. ಒಬ್ಬಳು ಮೊಮ್ಮಗನ ಜ್ವರ ಬಿಟ್ಟಿದ್ದನ್ನು ಹೇಳಿದಳು. ಆಮೇಲೆ, ಯಾರೂ ಕರೆಯದಿದ್ದರೂ, ಹಿರಿಯರ ಬೆಂಚಿನಿಂದ ಸೊಲೋಮೊನಾ ಎದ್ದ.

"ಕರ್ತನು ನನ್ನ ಮನೆತನವನ್ನು ಪರೀಕ್ಷಿಸಿದ," ಅಂದ. "ನನ್ನ ಮನೆಯವನೊಬ್ಬ ಎಡವಿದ. ಯಜಮಾನನಾದ ನಾನು ನಾಚಿಕೆಪಡದೆ ಕಲ್ಲಿನ ಮೇಲೆ ಮೊಣಕಾಲೂರಿದೆ. ನಮ್ಮ ಸೋದರಿ ಲುಪೆಯ ಹೃದಯವನ್ನು ಕರ್ತನೇ ಮೃದು ಮಾಡಿದ." ಕರ್ಚೀಫು ತೆಗೆದು ಕಣ್ಣೊರೆಸಿಕೊಳ್ಳುತ್ತ ಕೂತ. ಜನ ಆಮೆನ್ ಅಂದರು. ಎಲ್ಲರೂ ಅಂದರು, ಗಾಡಿ ಓಡಿಸಿದ್ದು ಯಾರು ಅಂತ ಗುಮಾನಿ ಇದ್ದವರೂ ಅಂದರು. ಜಾಮೀನಿನ ಮೇಲೆ ಬಂದಿದ್ದ ಅಪೆಲು ಗಂಡಸರ ಕಡೆ ಕೊನೆಯ ಬೆಂಚಿನಲ್ಲಿ ಕೂತು ಅವನೂ ಆಮೆನ್ ಅಂದ.

ಅದು ಕಿವಿಗೆ ಬಿದ್ದದ್ದೇ ಫುವಾಟಿನೊ ಎದ್ದು ನಿಂತಳು. ಆರಾಧನೆಗೆ ಹೆಂಗಸರು ಹಾಕುವ ಬಿಳಿ ಟೋಪಿ ಓರೆಯಾಗಿತ್ತು, ಸರಿ ಮಾಡಿಕೊಳ್ಳಲಿಲ್ಲ.

"ನಂದೂ ಒಂದು ಸಾಕ್ಷಿ ಇದೆ. ಆ ಶುಕ್ರವಾರ ನಾನು ಕೋಕೋ ಬಾಚ್ತಿದ್ದೆ. ಗಾಡಿಯಿಂದ ಇಳಿದವನು ಸೊಲೋಮೊನಾ. ಗಾಡೀಲಿ ಇನ್ಯಾರೂ ಇರಲಿಲ್ಲ. ಇಯೋನಾ ನನ್ನ ತೊಡೆ ಮೇಲೆ ಅಮ್ಮಾ ಅಂದ, ಎರಡು ಸಲ. ಇವನು ಅಷ್ಟು ದೂರ ನಿಂತು ಚಪ್ಪಲಿ ಒರೆಸ್ಕೊಳ್ತಿದ್ದ."

"ಕೂತ್ಕೊಳೇ," ಹಿಂದಿನಿಂದ ಅಪೆಲು ಅಂದ. ದನಿ ಅಳುಕಿತ್ತು.

"ಇಷ್ಟು ದಿನ ಕೂತೇ ಇದ್ದೆ. ಕೂತು ಕೂತು ನನ್ನ ಮೇಲೆ ನನಗೇ ವಾಕರಿಕೆ ಬಂದಿದೆ. ಕೋರ್ಟಲ್ಲೂ ಇದನ್ನೇ ಹೇಳ್ತೀನಿ."

ಸೊಲೋಮೊನಾ ಕರ್ಚೀಫಿನ ಹಿಂದಿನಿಂದ, "ಗಂಡನ್ನ ಉಳಿಸ್ಕೊಳ್ಳೋಕೆ ಪಾಪ ಏನೇನೋ ಹೇಳ್ತಿದಾಳೆ," ಅಂದ. ಪಾದ್ರಿ ಗಡಿಬಿಡಿಯಲ್ಲಿ ಹಾಡಿನ ಸಂಖ್ಯೆ ಕೂಗಿದರು. ಯಾರೂ ಪುಸ್ತಕ ತೆರೆಯಲಿಲ್ಲ, ಯಾಕೆಂದರೆ ಲುಪೆ ಎದ್ದಿದ್ದಳು. ಅವಳು ನಡೆದುಹೋಗಿ ಅಪೆಲುವಿನ ಮುಂದೆ ನಿಂತಳು.

"ನನ್ನ ಕಣ್ಣು ನೋಡಿ ಹೇಳು. ನಾನು ಎತ್ತಿದ ಚಾಪೆ ಕೆಳಗೆ ಇರಬೇಕಾದವನು ನೀನಾ?"

ಅಪೆಲು ಅವಳ ಕಣ್ಣು ನೋಡಲಿಲ್ಲ. ಯಜಮಾನನ ಕಡೆ ನೋಡಿದ, ಅಭ್ಯಾಸಬಲ. ಆಮೇಲೆ ತಲೆ ಅಲ್ಲಾಡಿಸಿದ. ಅಲ್ಲ.

ಲುಪೆ ಹೊರಗೆ ಹೋದಳು. ಅವಳ ಮನೆ ಚರ್ಚಿನ ಮಗ್ಗುಲಲ್ಲೇ. ಪಾದ್ರಿ ಇನ್ನೊಂದು ಸಲ ಹಾಡಿನ ಸಂಖ್ಯೆ ಹೇಳಿದರು. ಅವಳು ವಾಪಸು ಬಂದಾಗ ತೋಳಲ್ಲಿ ಆ ಚಾಪೆ ಇತ್ತು. ನಡುದಾರಿಯಲ್ಲಿ ನೆಟ್ಟಗೆ ನಡೆದು, ಹಿರಿಯರ ಬೆಂಚಿನ ಮುಂದೆ ನಿಂತು, ಅದನ್ನು ಬಿಡಿಸಿ, ಸೊಲೋಮೊನಾನ ತಲೆಯ ಮೇಲಿಂದ ಹೊದಿಸಿದಳು. ಮಗುವಿಗೆ ಹೊದಿಸುವ ಹಾಗೆ ಅಂಚು ಎಳೆದು ಸರಿ ಮಾಡಿದಳು.

"ಕೂತಿರು," ಅಂದಳು. "ಎತ್ತಬೇಕು ಅನ್ನಿಸಿದಾಗ ಬರ್ತೀನಿ."

ತಿರುಗಿ ನೋಡದೆ ಮನೆಗೆ ಹೋದಳು.

ಕೊನೆಗೆ ಯಾರೋ ಹಾಡು ಎತ್ತಿಕೊಂಡರು. ಅರ್ಧ ಜನ ಹಾಡಿದರು. ಸೊಲೋಮೊನಾನ ಹೆಂಡತಿ ಚಾಪೆಯ ಕಡೆ ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ಪಾದ್ರಿಯೂ ಮುಟ್ಟಲಿಲ್ಲ. ಹಾಡು ಮುಗಿದ ಮೇಲೆ ಜನ ಸದ್ದಿಲ್ಲದೆ ಎದ್ದು ಹೊರಗೆ ನಡೆದರು.

ಹೊರಗೆ ಅಪೆಲು ಹೆಂಡತಿಗಾಗಿ ನಿಂತಿದ್ದ. "ನಾಳೆ ಬೆಳಗಾದ್ರೆ ಮನೆ ಬಿಡು ಅಂತಾರೆ. ಎಲ್ಲಿಗೆ ಹೋಗೋದು?"

"ನಿಮ್ಮಮ್ಮನ ಊರಿಗೆ. ಅಲ್ಲಿ ನಾನು ಬಂದವಳಾಗಿರ್ತೀನಿ. ಹಂದಿ ನೀನು ಕೊಯ್ಯಬೇಡ."

ಅವನು ನಗಲಿಲ್ಲ. ಅವಳ ಟೋಪಿ ನೆಟ್ಟಗೆ ಮಾಡಿದ.

ಫುವಾಟಿನೊ ಬಾಗಿಲಿಂದ ಒಮ್ಮೆ ಒಳಗೆ ನೋಡಿದಳು. ಬೆಂಚುಗಳೆಲ್ಲ ಖಾಲಿ. ಮುಂದಿನ ಬೆಂಚಿನ ಮೇಲೆ ಅವಳ ತಾಯಿಯ ಚಾಪೆ ಗುಡ್ಡೆಯಾಗಿ ಕೂತಿತ್ತು. ಅದರ ಕೆಳಗೆ ಪಾಲಿಶ್ ಮಾಡಿದ ಎರಡು ಚಪ್ಪಲಿ ಜೋಡಿಸಿಟ್ಟಂತೆ ಕಾಣುತ್ತಿದ್ದವು. ಉಸಿರಾಟಕ್ಕೆ ಅಂಚಿನ ಕೆಂಪು ಗರಿಗಳು ಮೇಲೆ ಏಳುತ್ತಿದ್ದವು, ಕೆಳಗೆ ಇಳಿಯುತ್ತಿದ್ದವು.