ಕಣ್ಣಿಗೆ ಉಳ್ಳಾಗಡ್ಡಿ ರಸ

ನಮ್ಮ ಶಲವಡಿಗೆ ಸೈಕಲ್ಲಿನ ಹುಚ್ಚು ಹತ್ತಿದ್ದು ಹೋದ ವರ್ಷ. ಯಾವನೋ ಪರವೂರಿನವನು ಬಂದು, ಶಾಲೆಯ ಬಯಲಿನಲ್ಲಿ ಮೂರು ಹಗಲು ಮೂರು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತಿದ. ಅವನು ಹೋದ, ಹುಚ್ಚು ಉಳಿಯಿತು. ಈ ವರ್ಷ ನಮ್ಮ ಹುಡುಗರೇ ಪಂದ್ಯ ಇಟ್ಟರು. ನಿದ್ದೆ ಮಾಡದೆ ಅಷ್ಟೇ ಹೊತ್ತು ಸುತ್ತಿದವನಿಗೆ ಬೆಳ್ಳಿ ಕಡಗ ಅಂತೆ.

ನಾನು ಮರಿಯಮಬಿ, ಈ ಊರಿನ ನರ್ಸ್. ಊರವರು ನನ್ನನ್ನು ಬಾಯಾರ ಎಂದು ಕರೆಯುತ್ತಾರೆ. ಮೂರನೆಯ ದಿನ ಬೆಳಿಗ್ಗೆ ದುರ್ಗವ್ವ ಓಡುತ್ತಾ ನನ್ನ ಹತ್ತಿರ ಬಂದಳು. ಅವಳ ಗಂಡ ಮಾಳಪ್ಪ ಟ್ರ್ಯಾಕ್ಟರ್ ಡ್ರೈವರ್. ಪಂದ್ಯದಲ್ಲಿ ಉಳಿದವನು ಅವನೊಬ್ಬನೇ.

"ಬಾಯಾರ, ನಮ್ಮನಿಯವರಿಗೆ ನನ್ನ ಗುರ್ತ ಸಿಗವಲ್ದರಿ. ನೀ ಯಾರು ಅಂತ ಕೇಳಿದ್ರು. ನಾಳೆ ಸೈಕಲ್ ಇಳದ ಕೂಡ್ಲೆ ಹತ್ತಿ ಬಿಡಸಾಕ ನಮ್ಮನ್ನ ಟ್ರಾಲಿಯೊಳಗ ಕರಕೊಂಡು ಹೋಗಾವ್ರು ಅವರ. ಹದಿನೆಂಟು ಮಂದಿ ಹೆಣಮಕ್ಕಳದೀವ್ರಿ."

ಬಯಲಿನಲ್ಲಿ ಜನವೋ ಜನ. ಮಾಳಪ್ಪನ ಅಪ್ಪ ಮುದಕಪ್ಪ ಸೈಕಲ್ಲಿನ ಜೊತೆಗೇ ಓಡುತ್ತಾ, ಜಜ್ಜಿದ ಉಳ್ಳಾಗಡ್ಡಿಯ ರಸವನ್ನು ಮಗನ ಕಣ್ಣಿಗೆ ಹಿಂಡುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು.

"ಕಾಕಾ, ಏನ ಮಾಡಾಕತ್ತೀರಿ?"

"ನಿದ್ದಿ ಹೋಗಲಿ ಅಂತ ಬಾಯಾರ. ನಾವೂ ಕಾಲುವಿ ನೀರು ಹಾಯಸಾಕ ರಾತ್ರಿಗಟ್ಟಲೆ ಎದ್ದೀವಿ. ಸತ್ತೇವೇನು?"

"ನೀವು ಒಂದ ರಾತ್ರಿ ಎದ್ದು ಮರುದಿನ ಮಲಗಿದ್ರಿ. ಇವ ಎರಡು ರಾತ್ರಿ ಕಣ್ಣ ಮುಚ್ಚಿಲ್ಲ. ಆ ರಸ ಕಣ್ಣ ಸುಡತೈತಿ, ನಿದ್ದಿ ಕಳ್ಯಾಂಗಿಲ್ಲ. ಕಣ್ಣ ತೆರದಿದ್ರೂ ಮಿದುಳು ಮಲಗಿಬಿಡತೈತಿ. ಟ್ರ್ಯಾಕ್ಟರ್ ಕಾಲುವಿಗೆ ಬೀಳಾಕ ಎಷ್ಟೊತ್ತು ಬೇಕು?"

"ನಮ್ಮ ಹುಡುಗ ಗಟ್ಟಿ ಅದಾನ. ಈಗ ಇಳದ್ರ ಊರಾಗ ಮಾರಿ ಹೆಂಗ ತೋರಸೂದ್ರಿ?"

ಅಷ್ಟರಲ್ಲಿ ಮಾಳಪ್ಪ ಇನ್ನೊಂದು ಸುತ್ತು ಹಾಕಿ, ಒಬ್ಬನೇ ನಗುತ್ತಾ, ಮಾತಾಡುತ್ತಾ ನಮ್ಮ ಮುಂದೆ ಬಂದ. ಯಾರ ಕೂಡ ಮಾತು ಎಂದು ಕೇಳಿದೆ.

"ನಮ್ಮವ್ವನ ಕೂಡ್ರಿ. ರೊಟ್ಟಿ ತಂದಾಳ. ಹಿಂದ ಕುಂತಾಳ ನೋಡ್ರಿ."

ಹಿಂದೆ ಯಾರೂ ಇರಲಿಲ್ಲ. ಅವನ ತಾಯಿ ದೇವಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಮುದಕಪ್ಪನ ಕೈಯಿಂದ ಉಳ್ಳಾಗಡ್ಡಿ ಕೆಳಗೆ ಬಿತ್ತು. ಓಡಿಹೋಗಿ ಹ್ಯಾಂಡಲ್ ಹಿಡಿದುಬಿಟ್ಟ.

"ಇಳಿಯೋ ಮಗನ. ಅಕಿನ್ನ ಕಳಕೊಂಡೀನಿ, ಸಾಕು. ಕಡಗ ಬ್ಯಾಡ ನಮಗ."

ಮಾಳಪ್ಪ ಅಪ್ಪನನ್ನು ಬಾಯಿಗೆ ಬಂದಂತೆ ಬೈದ. ಮುದಕಪ್ಪ ಕೈ ಬಿಡಲಿಲ್ಲ. ಜನ ಹೋ ಎಂದು ಗೇಲಿ ಮಾಡಿದರು. ನನಗೆ ಸಿಟ್ಟು ಬಂದದ್ದು ಅವರ ಮೇಲೆ. ದಿನಾ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಕೌದಿ ಹೊದ್ದು ಮಲಗಿದವರು ಇವರೇ. ಹಾಗೆಂದು ಅವರ ಮುಖಕ್ಕೇ ಹೇಳಿದೆ.

ಕೊನೆಗೆ ಮಾಳಪ್ಪ ಸೈಕಲ್ ಇಳಿದ. ಮನೆಗೆ ಹೋಗಿ ಮರುದಿನ ಸಂಜೆಯವರೆಗೆ ಮಲಗಿದ. ಅವನ ಕಣ್ಣಿನ ಉರಿ ಇಳಿಯಲು ಎಂಟು ದಿನ ಬೇಕಾಯಿತು. ಹೆಣ್ಣುಮಕ್ಕಳು ಆ ಮರುದಿನ ಹತ್ತಿ ಬಿಡಿಸಲು ಹೊಲಕ್ಕೆ ನಡೆದುಕೊಂಡೇ ಹೋದರು. ಟ್ರ್ಯಾಕ್ಟರಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುದಕಪ್ಪ ಮಗನ ತಲೆಯ ಹತ್ತಿರ ಕುಳಿತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿದ್ದೆಗೆಡುವುದು ಗಂಡಸುತನವಲ್ಲ. ಎಚ್ಚರ ಇರಲೆಂದು ಕಣ್ಣಿಗೆ ಉಳ್ಳಾಗಡ್ಡಿ, ತಂಬಾಕು ಏನನ್ನೂ ಹಾಕಬೇಡಿ. ರಾತ್ರಿಯೆಲ್ಲ ಎದ್ದವನು ನಡೆಸುವ ಟ್ರ್ಯಾಕ್ಟರ್ ಹತ್ತಬೇಡಿ. ನಿಮ್ಮ ಮನೆಯವನು ಹಟ ಹಿಡಿದರೆ ಅಡ್ಡ ನಿಲ್ಲಿ. ಬೈದಾನು, ಬೈಯಲಿ. ಬೈಯಲಿಕ್ಕಾದರೂ ಅವನು ಇರುತ್ತಾನೆ.