ಸಾರಕ್ಕಿಯ ಹಡಗು ಕೆಂಪಿ

ನಾನು ಸಮುದ್ರ ನೋಡಿದವಳಲ್ಲ. ನನ್ನ ಪಾಲಿಗೆ ನೀರು ಎಂದರೆ ಬೆಂಗಳೂರಿನ ಸಾರಕ್ಕಿ ಕೆರೆ, ಅದೂ ಮೂಗು ಮುಚ್ಚಿಕೊಂಡು ದಾಟಬೇಕಾದ ಕೆರೆ. ಆದರೂ ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಸಾರಕ್ಕಿಯಿಂದ ಬಿಟಿಎಂವರೆಗೆ ಹಡಗಿನ ಆಟ ಆಡುವ ಯಾವ ಹುಡುಗನನ್ನಾದರೂ ನಿಲ್ಲಿಸಿ, ಕೆಂಪಿಯನ್ನು ಮುಳುಗಿಸಿದವರು ಯಾರಾದರೂ ಇದ್ದಾರಾ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದ. ಕೆಂಪಿ ನನ್ನ ಹಡಗು. ಅದರ ಕ್ಯಾಪ್ಟನ್ ನಾನು, ಈಶ್ವರಮ್ಮ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆ ಇದ್ದದ್ದು ನನ್ನ ಮಗನಿಗೆ.

ಗೇಮ್ ಅಂಗಡಿ ಇಟ್ಟದ್ದು ಅವನಿಗಾಗಿಯೇ. ಹೊಲ ಹೋಗಿ ಲೇಔಟ್ ಆದ ಮೇಲೆ ನಮ್ಮ ಯಜಮಾನರು ಗಂಗಾಧರಯ್ಯನವರು ಮನೆಯ ಕೆಳಗೆ ರಸ್ತೆಗೆ ಮುಖ ಮಾಡಿ ಒಂದು ಮಳಿಗೆ ಕಟ್ಟಿಸಿದರು. ಮಗ ಮನು ನೋಡಿಕೊಳ್ಳಲಿ ಎಂದು ಕಂಪ್ಯೂಟರುಗಳನ್ನು ತಂದಿಟ್ಟರು. ಅಷ್ಟರಲ್ಲಿ ಮನುವಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಯಜಮಾನರಿಗೋ ಅರಳಿಕಟ್ಟೆಯ ರಾಜಕೀಯ ಬಿಟ್ಟು ಬರಲು ಪುರುಸೊತ್ತಿಲ್ಲ. ಕೊನೆಗೆ ಬೀಗದ ಕೈ ನನ್ನ ಸೊಂಟಕ್ಕೆ ಬಂತು.

ಮಧ್ಯಾಹ್ನದ ಹೊತ್ತು ಹುಡುಗರೆಲ್ಲ ಸ್ಕೂಲು ಕಾಲೇಜಿಗೆ ಹೋಗಿ ಅಂಗಡಿ ಭಣಗುಡುತ್ತಿತ್ತು. ನನಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಯಾರೋ ಅರ್ಧಕ್ಕೆ ಬಿಟ್ಟು ಹೋದ ಆಟದಲ್ಲಿ ಒಂದು ಹಡಗು ನೀರಿನ ಮೇಲೆ ಅಲ್ಲಾಡುತ್ತಿತ್ತು. ಬಾಣದ ಗುರುತಿನ ಗುಂಡಿ ಒತ್ತಿದೆ. ತಿರುಗಿತು. ಹೋಗಿ ಬಂಡೆಗೆ ಗುದ್ದಿ ಮುಳುಗಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಮಷೀನು ನನ್ನನ್ನು ಮುಳುಗಿಸುವುದೆಂದರೇನು ಎಂದು ಮತ್ತೆ ಕೂತೆ.

ಅದು ಕಡಲ್ಗಳ್ಳರ ಆಟ. ದ್ವೀಪ ದ್ವೀಪ ಸುತ್ತಿ ನಿಧಿ ಹುಡುಕಬೇಕು, ಅಡ್ಡ ಬಂದ ಹಡಗುಗಳ ಜೊತೆ ಕಾದಾಡಬೇಕು. ಕಳ್ಳರ ಆಟ ಎಂದು ಪಕ್ಕದ ಮನೆಯ ತಿಮ್ಮಕ್ಕ ಮೂಗು ಮುರಿದಳು. ನಮ್ಮ ಹೊಲ ಹೊಡೆದುಕೊಂಡವರು ಬಿಳಿ ಬಟ್ಟೆ ಹಾಕಿಕೊಂಡು, ಕಾಫಿ ಕುಡಿದು, ಅಕ್ಕ ಎಂದು ಕರೆದು ಹೊಡೆದುಕೊಂಡರು. ಇವರಾದರೋ ತಲೆಬುರುಡೆಯ ಬಾವುಟ ಹಾರಿಸಿ, ನಾವು ಕಳ್ಳರು ಎಂದು ಸಾರಿಯೇ ಬರುತ್ತಾರೆ. ನನಗೆ ಅದು ಹಿಡಿಸಿತು.

ಆಟ ಕಲಿಸಿದವನು ಬಸವಂತ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದುಕೊಂಡು ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ರಜೆ ಸಿಕ್ಕರೆ ಸಾಕು, ನಮ್ಮ ಅಂಗಡಿಯಲ್ಲಿ ಇರುತ್ತಿದ್ದ.

"ಅಕ್ಕಾರ, ಹಡಗಾ ಓಡಸೂದು ಕೈ ಅಲ್ರೀ, ಗಾಳಿ. ಗಾಳಿ ಯಾ ಕಡಿಂದ ಬರಾಕತ್ತೈತಿ ಮೊದಲ ನೋಡ್ರಿ, ಆಮ್ಯಾಲ ಗುಂಡಿ ಒತ್ರಿ," ಎಂದ.

ಉಳಿದದ್ದನ್ನು ಒಂದೊಂದಾಗಿ ತೋರಿಸಿಕೊಟ್ಟ. ಬಾಣದ ಗುಂಡಿಗಳಿಂದ ಹಡಗು ತಿರುಗುತ್ತದೆ. ಫಿರಂಗಿಗಳು ಇರುವುದು ಹಡಗಿನ ಎರಡು ಪಕ್ಕೆಗಳಲ್ಲಿ ಮಾತ್ರ, ಮೂತಿಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ. ಮೌಸ್ ಆಡಿಸಿ ಗುರಿ ಇಡಬೇಕು, ಉದ್ದನೆಯ ಗುಂಡಿ ಒತ್ತಿ ಹಾರಿಸಬೇಕು. ಕಲಿತೆ. ಹೊಲ ಹೋದಾಗ ಮಾರಿಬಿಟ್ಟ ನನ್ನ ಹಸುವಿನ ಹೆಸರನ್ನೇ ಹಡಗಿಗೆ ಇಟ್ಟೆ. ಆ ಹಸು ಕೆಂಪಿ ಕೊಂಬಿನಿಂದ ಹಾಯುವುದಕ್ಕೂ ಹೆಸರಾಗಿದ್ದಳು. ಆ ವರ್ಷದ ಶ್ರಾವಣದ ಹೊತ್ತಿಗೆ ಸಂಜೆಯ ಹುಡುಗರು ನನ್ನ ಎದುರು ಆಡಲು ಸಾಲು ನಿಲ್ಲುತ್ತಿದ್ದರು. ಬಂದವರನ್ನೆಲ್ಲ ಮುಳುಗಿಸಿ, ಒಂದೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದೆ.

ಮನು ಮಾತ್ರ ನಮ್ಮ ಅಂಗಡಿಯಲ್ಲಿ ಆಡುತ್ತಿರಲಿಲ್ಲ. ಅವನ ಆಟವೆಲ್ಲ ಜಯನಗರದ ಏಸಿ ಇರುವ ಅಂಗಡಿಯಲ್ಲಿ, ಕಾಲೇಜಿನ ಗೆಳೆಯರ ಜೊತೆ. ಅವನೂ ಗಟ್ಟಿಗನೇ ಎಂದು ಬಸವಂತ ಹೇಳಿದ್ದ. ಬೀಜದ ಗುಣ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಒಳಗೊಳಗೇ ಬೀಗಿದ್ದೆ.

ಆಯುಧ ಪೂಜೆಯ ಹಿಂದಿನ ಸಂಜೆ ಅಂಗಡಿ ಬಾಗಿಲಿಗೆ ಮಾವಿನ ಎಲೆ ಕಟ್ಟುತ್ತಿದ್ದೆ. ಮನು ಬಂದು ಸ್ಟೂಲು ಹಿಡಿದುಕೊಂಡ. ಕೇಳದೆ ಸ್ಟೂಲು ಹಿಡಿಯುವ ಮಗನಲ್ಲ, ಏನೋ ಇದೆ ಎಂದು ಗೊತ್ತಾಯಿತು.

"ಅಮ್ಮ, ನಾಳೆ ನನ್ ಫ್ರೆಂಡ್ಸ್ ಬರ್ತಿದಾರೆ. ಕೆಂಪಿ ಕೆಂಪಿ ಅಂತ ಎಲ್ಲಾ ಕಡೆ ಕೇಳಿದಾರೆ. ಅದನ್ನ ಮುಳುಗಿಸ್ಬೇಕಂತೆ. ನಮ್ ಕಡೆಯಿಂದ ನಾನು ಆಡ್ತೀನಿ."

"ಬರ್ಲಿ ಬಿಡೋ. ಕಡಲೆ ಉಸಲಿ ಮಾಡಿರ್ತೀನಿ."

"ಅದಲ್ಲ... ನೀನು ನಮ್ಮಮ್ಮ ಅಂತ ಹೇಳ್ಬೇಡ, ಅಷ್ಟೇ."

"ಯಾಕೋ?"

"ಸುಮ್ನೆ. ಮನೆ ಜೆ.ಪಿ. ನಗರದಲ್ಲಿ ಅಂತ ಹೇಳಿದೀನಿ. ಅವರಮ್ಮಂದಿರೆಲ್ಲ ಬ್ಯಾಂಕು, ಕಾಲೇಜು ಅಂತ ಇದಾರೆ. ನಮ್ಮಮ್ಮ ವಿಡಿಯೋ ಗೇಮ್ ಆಡ್ತಾಳೆ ಅಂದ್ರೆ ವರ್ಷವಿಡೀ ಆಡ್ಕೊಂಡು ನಗ್ತಾರೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹೆಗ್ಗಣಕ್ಕೆ ಹೆತ್ತವರು ಮುದ್ದಾಗಬೇಕೆಂದು ಯಾರೂ ಹೇಳಿಲ್ಲವಲ್ಲ. ಆಯಿತು ಎಂದೆ. ಆದರೆ ಮನಸ್ಸಿನಲ್ಲಿ ಒಂದೇ ಆಸೆ ಕೂತುಬಿಟ್ಟಿತು. ಆ ಹುಡುಗರ ಎದುರಿಗೆ ಇವನು ತನ್ನ ಬಾಯಿಂದ, ಇವಳು ನನ್ನ ತಾಯಿ ಎನ್ನಬೇಕು. ನಾನು ಹೇಳುವುದಿಲ್ಲ, ಬಸವಂತನಿಗೂ ಹೇಳಲು ಬಿಡುವುದಿಲ್ಲ. ಬೇಡಿ ಪಡೆಯುವ ಮಾತಲ್ಲ ಅದು.

ಮಾರನೆಯ ದಿನ ಬೆಳಿಗ್ಗೆಯೇ ಪೂಜೆ ಮಾಡಿದೆ. ಮಷೀನುಗಳನ್ನೆಲ್ಲ ಒರೆಸಿ, ಪರದೆಗಳಿಗೆ ವಿಭೂತಿ ಎಳೆದು, ಸೇವಂತಿಗೆ ಮುಡಿಸಿದೆ. ಆಗ ತಾನೇ ಹೊಸ ಮೌಸುಗಳು ಬಂದಿದ್ದವು, ಅಡಿಯಲ್ಲಿ ಕೆಂಪು ದೀಪ ಉರಿಯುವಂಥವು. ಕುಂಕುಮವನ್ನು ಮೇಲೆ ಇಟ್ಟರೆ ಹುಡುಗರ ಕೈಗೆಲ್ಲ ಅಂಟುತ್ತದೆ. ತಿರುಗಿಸಿ ನೋಡಿದೆ. ಅಡಿಯಲ್ಲಿ ದೀಪ ಉರಿಯುವ ತೂತು ನೋಡಲು ಒಂದು ಕಣ್ಣಿನ ಹಾಗೇ ಇತ್ತು. ಗಾಡಿಗಾದರೆ ದೀಪದ ಮೇಲೆ ಇಡುತ್ತೇವೆ, ಇದಕ್ಕೂ ಹಾಗೇ ಎಂದುಕೊಂಡು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಂದೊಂದರ ಕಣ್ಣಿಗೂ ಭಕ್ತಿಯಿಂದ ಇಟ್ಟೆ.

ಹುಡುಗರು ಬಂದರು. ಮುಂದೆ ಇದ್ದವನು ಶ್ರೀವತ್ಸ ಎಂಬ ಎತ್ತರದ ಹುಡುಗ, ಜಯನಗರದವನು. ಅವನ ಹಿಂದೆ ಇನ್ನಿಬ್ಬರು, ಎಲ್ಲರಿಗಿಂತ ಹಿಂದೆ ನನ್ನ ಮಗ, ಅಂಗಡಿಗೆ ಮೊದಲ ಸಲ ಬಂದವನ ಹಾಗೆ ಗೋಡೆ ನೋಡುತ್ತಾ.

"ಇಲ್ಲಿ ಕೆಂಪಿ ಅಂದ್ರೆ ಯಾರು ಆಂಟಿ?" ಎಂದ ಶ್ರೀವತ್ಸ.

"ನಾನೇನಪ್ಪ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು.

"ಮನು, ಸಖತ್ ಈಸಿ ಮಗಾ ಇದು. ಹೋಗು ಗುರು, ಮುಗಿಸ್ಕೊಂಡ್ ಬಾ," ಎಂದು ಶ್ರೀವತ್ಸ ಅವನ ಬೆನ್ನು ತಟ್ಟಿದ.

ಮನು ಬಂದು ನನ್ನ ಪಕ್ಕದ ಮಷೀನಿನ ಮುಂದೆ ಕೂತ. ಕೂತವನು ನನ್ನ ಕಡೆ ನೋಡದೆ, "ಆಂಟಿ, ಸ್ವಲ್ಪ ಆನ್ ಮಾಡ್ತೀರಾ?" ಎಂದ.

ಆಂಟಿ! ಬೆಂಗಳೂರಿನ ಹುಡುಗರೆಲ್ಲ ನನ್ನನ್ನು ಆಂಟಿ ಎನ್ನಲಿ, ಬೇಡವೆನ್ನುವುದಿಲ್ಲ. ನನ್ನ ಹೊಟ್ಟೆಯಿಂದ ಬಂದವನ ಬಾಯಲ್ಲಿ ಅದನ್ನು ಕೇಳಿ ಕಣ್ಣಲ್ಲಿ ನೀರು ಬಂತು, ಹಿಂದೆಯೇ ಕೋಪವೂ ಬಂತು. ಕೋಪವನ್ನು ಇಟ್ಟುಕೊಂಡು ನೀರನ್ನು ನುಂಗಿದೆ.

"ಮಾಡ್ತೀನಪ್ಪ. ಆದ್ರೆ ಇವತ್ತು ಒಂದೇ ಆಟ," ಎಂದೆ.

ಅದು ನಮ್ಮ ಪದ್ಧತಿ. ಆಯುಧ ಪೂಜೆಯ ದಿನ ಸಾಮಾನಿಗೆ ವಿಶ್ರಾಂತಿ. ಆದರೆ ಪೂಜೆಯಾದ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಬೇಕಲ್ಲ, ಹಾಗೆ ಮಷೀನನ್ನೂ ಒಂದು ಸಲ ನಡೆಸಿ ಆರಿಸಬೇಕು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ.

ಆಟ ತೆರೆಯಿತು. ಮನುವಿನ ಪರದೆಯಲ್ಲಿ ಮೌಸಿನ ಬಾಣ ಒಮ್ಮೆ ಮೇಲಕ್ಕೆ ಹಾರಿ ಮೂಲೆಯಲ್ಲಿ ಹೋಗಿ ಸತ್ತಂತೆ ಬಿದ್ದುಕೊಂಡಿತು. ನನ್ನದು ಅಲ್ಲಾಡಲೇ ಇಲ್ಲ. ಶ್ರೀವತ್ಸ ಮೌಸ್ ತಿರುಗಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ.

"ಅಯ್ಯೋ ಆಂಟಿ! ಮೌಸ್ ಕಣ್ಣಿಗೇ ಕುಂಕುಮ ಇಟ್ಟಿದೀರಲ್ಲ! ಅದಕ್ಕೆ ಕುರುಡಾಗೋಗಿದೆ!"

ಎಲ್ಲರೂ ನಕ್ಕರು. ಮನುವೂ ನಕ್ಕ. ನಕ್ಕು, ತನ್ನ ಮೌಸನ್ನು ಜೀನ್ಸ್ ಪ್ಯಾಂಟಿಗೆ ಉಜ್ಜಿ ಕುಂಕುಮ ಒರೆಸಿಕೊಂಡ.

"ನೀವೂ ಒರೆಸ್ಕೊಳಿ ಆಂಟಿ," ಎಂದ ಶ್ರೀವತ್ಸ, ಪಾಪ, ಒಳ್ಳೆಯ ಮಾತಿಗೇ.

"ಇಟ್ಟ ಕುಂಕುಮ ಒರೆಸೋ ಕೈ ಅಲ್ಲಪ್ಪ ಇದು," ಎಂದೆ. ತಪ್ಪು ಜಾಗಕ್ಕೆ ಇಟ್ಟಿದ್ದೆ, ಒಪ್ಪಿದೆ. ಆದರೆ ದೇವರ ಹೆಸರಲ್ಲಿ ಇಟ್ಟದ್ದನ್ನು ಹಬ್ಬದ ದಿನವೇ, ಅದೂ ಒಂದು ಆಟ ಗೆಲ್ಲಲು, ಅಳಿಸುವವಳು ನಾನಲ್ಲ. ಮೌಸನ್ನು ಪಕ್ಕಕ್ಕೆ ಇಟ್ಟೆ.

ಬಸವಂತ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ. "ಅಕ್ಕಾರ, ಮೌಸ್ ಇಲ್ಲಂದ್ರ ಗುರಿ ಇಡಾಕ ಆಗಂಗಿಲ್ರೀ. ಗುಂಡು ಸೀದಾ ಅಷ್ಟ ಹೊಕ್ಕಾವ."

"ಸೀದಾ ಹೋದ್ರೆ ಸಾಕು ಬಿಡೋ," ಎಂದೆ. ಫಿರಂಗಿ ತಿರುಗದಿದ್ದರೆ ಹಡಗನ್ನೇ ತಿರುಗಿಸಿದರಾಯಿತು.

ಮನುವಿನದು ಮೂರು ಹಾಯಿಕಂಬದ ದೊಡ್ಡ ಹಡಗು, ಹೆಸರು ಬ್ಲಾಕ್ ಥಂಡರ್. ಕೆಂಪಿಯದು ಎರಡೇ ಕಂಬ. ಅವನು ದೂರದಿಂದಲೇ ಗುರಿಯಿಟ್ಟು ಹೊಡೆದ. ಮೊದಲ ಏಟಿಗೇ ನನ್ನ ಹಾಯಿ ಹರಿಯಿತು. ಎರಡನೆಯದಕ್ಕೆ ಪಕ್ಕೆಯಲ್ಲಿ ಬೆಂಕಿ ಕಾಣಿಸಿತು. ಹುಡುಗರು ಹೋ ಎಂದು ಕೂಗಿದರು. ಮಗ ಚೆನ್ನಾಗಿಯೇ ಆಡುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಏಟು ತಿನ್ನುತ್ತಲೇ ಒಂದು ಗಳಿಗೆ ಅವನ ಬಗ್ಗೆ ಹೆಮ್ಮೆಯೂ ಆಯಿತು.

ನಾನು ಒಂದು ದ್ವೀಪದ ಮರೆಗೆ ಹೋಗಿ, ಅದನ್ನು ಬಳಸಿಕೊಂಡು, ಗಾಳಿಯನ್ನು ಬೆನ್ನಿಗೆ ತೆಗೆದುಕೊಂಡೆ. ಅಲ್ಲಿಂದ ನೇರವಾಗಿ ಅವನ ಮೂತಿಗೆ ಮೂತಿ ಹಿಡಿದು ನುಗ್ಗಿದೆ. ಮೂತಿಯಲ್ಲಿ ಫಿರಂಗಿ ಇಲ್ಲವಲ್ಲ, ಅವನು ಹೊಡೆಯುವುದಾದರೂ ಹೇಗೆ? ಪಕ್ಕೆ ತೋರಿಸಲು ಅವನು ಹಡಗು ತಿರುಗಿಸಿದ. ಅಷ್ಟು ಭಾರದ ಹಡಗು ತಿರುಗುವಷ್ಟರಲ್ಲಿ ಕೆಂಪಿ ಅವನ ಪಕ್ಕೆಗೆ ಸವರಿಕೊಂಡೇ ಬಂದಿದ್ದಳು. ಅಷ್ಟು ಹತ್ತಿರದಲ್ಲಿ ಗುರಿ ಯಾರಿಗೆ ಬೇಕು? ಉದ್ದನೆಯ ಗುಂಡಿ ಒತ್ತಿದೆ. ಅವನ ನಡುವಿನ ಕಂಬ ಮುರಿದು ನೀರಿಗೆ ಬಿತ್ತು.

ಅಂಗಡಿಯಲ್ಲಿ ನಗು ನಿಂತಿತು. ಅವನು ದೂರ ಸರಿಯಲು ನೋಡಿದ, ನಾನು ಬಿಡಲಿಲ್ಲ. ಅವನು ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ, ಹಸುವಿನ ಕಿವಿಗೆ ಕಚ್ಚಿಕೊಂಡ ಉಣ್ಣೆಹುಳದ ಹಾಗೆ ಅಂಟಿಕೊಂಡೆ. ಎರಡನೇ ಸಲ ಹೊಡೆದೆ. ಬ್ಲಾಕ್ ಥಂಡರ್ ವಾಲಿತು. ಇನ್ನೊಂದು ಏಟು ಬಿದ್ದರೆ ಮುಗಿಯಿತು.

ಆಗ ಮನು, ತುಟಿ ಅಲ್ಲಾಡಿಸದೆ, ನನಗೊಬ್ಬಳಿಗೇ ಕೇಳುವಂತೆ ಹೇಳಿದ. "ಅಮ್ಮ, ಪ್ಲೀಸ್. ಬಿಟ್ಕೊಡು."

ಬೆರಳು ಗುಂಡಿಯ ಮೇಲೇ ಇತ್ತು. ಈ ಮಗನಿಗೆ ನಾನು ಏನೇನು ಬಿಟ್ಟುಕೊಟ್ಟಿಲ್ಲ? ಬಾಯಿಗೆ ಹೋಗುವ ತುತ್ತು, ಜ್ವರದ ರಾತ್ರಿಗಳ ನಿದ್ದೆ, ಈಗ ತಾನೇ ಆಂಟಿ ಎಂದಾಗ ಅಮ್ಮ ಎನ್ನುವ ಹೆಸರನ್ನೂ. ಕೇಳಿದ ಕೂಡಲೇ ಕೊಟ್ಟದ್ದಕ್ಕೇ ಅಲ್ಲವೇ ನನ್ನನ್ನು ಕಂಡರೆ ಇವನಿಗೆ ನಾಚಿಕೆ ಬಂದದ್ದು? ಇದೊಂದು ನನ್ನದು. ನಾನೇ ಕಲಿತು, ನಾನೇ ಮುಳುಗಿ, ನಾನೇ ತೇಲಿಸಿದ್ದು. ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿ ಒತ್ತಿಬಿಟ್ಟೆ.

ಎಲ್ಲ ಫಿರಂಗಿಗಳೂ ಒಟ್ಟಿಗೆ ಹಾರಿದವು. ಬ್ಲಾಕ್ ಥಂಡರ್ ಮೂತಿ ಮೇಲೆತ್ತಿ, ಬಾಲದ ಕಡೆಯಿಂದ ನೀರಿಗೆ ಇಳಿಯಿತು. ಬುರುಡೆ ಬಾವುಟ ಕೊನೆಗೆ ಮುಳುಗಿತು. "ಭಲೇ ಅಕ್ಕಾರ!" ಎಂದು ಬಸವಂತ ಕೂಗಿದ ರಭಸಕ್ಕೆ ತಿಮ್ಮಕ್ಕ ತನ್ನ ಮನೆಯಿಂದ ಏನಾಯಿತೇ ಎಂದು ಕೇಳಿದಳು.

ಹುಡುಗರು ಬಾಯಿ ತೆರೆದುಕೊಂಡು ನಿಂತಿದ್ದರು. ಶ್ರೀವತ್ಸ ನನ್ನ ಮೌಸನ್ನು ಎತ್ತಿ ತಿರುಗಿಸಿದ. ಕುಂಕುಮ ಹಾಗೇ ಇತ್ತು.

"ಮೌಸೇ ಇಲ್ದೆ ಹೊಡೆದ್ಬಿಟ್ರಲ್ಲ ಗುರು! ಯಾರೋ ಈ ಆಂಟಿ?"

ಮನು ಎದ್ದು ನಿಂತ. ಅವನ ಕಿವಿ ಕೆಂಪಾಗಿತ್ತು. ಸಿಟ್ಟು ಮಾಡಿಕೊಂಡು ಹೊರಗೆ ಹೋಗುತ್ತಾನೆ ಎಂದುಕೊಂಡೆ. ಅವನು ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಅದರ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆಂಟಿ ಅಲ್ಲ ಕಣೋ. ನಮ್ಮಮ್ಮ."

"ಏಯ್, ಸುಮ್ನಿರು ಮಗಾ."

"ನಮ್ಮಮ್ಮನೇ ಕಣೋ! ಈ ಅಂಗಡಿ ನಮ್ದು, ಮೇಲ್ಗಡೆನೇ ಮನೆ. ಜೆ.ಪಿ. ನಗರ ಅಲ್ಲ, ಸಾರಕ್ಕಿ. ಬಿಟ್ಕೊಡಮ್ಮ ಅಂತ ಈಗ ತಾನೇ ಬೇಡ್ಕೊಂಡೆ. ಹೆತ್ತ ಮಗನ್ನೇ ಬಿಡ್ಲಿಲ್ಲ, ಇನ್ನು ನಿಮ್ಮನ್ನ ಬಿಡ್ತಾಳಾ?"

ಅವನ ದನಿಯಲ್ಲಿ ನಾಚಿಕೆ ಹುಡುಕಿದೆ, ಇರಲಿಲ್ಲ. ಕಾಲೇಜಿಗೆ ಸೀಟು ಸಿಕ್ಕಿದ ದಿನ ಇಡೀ ಊರಿಗೆ ಕೇಳುವಂತೆ ಕೂಗಿದ್ದನಲ್ಲ, ಅದೇ ದನಿ. ನನಗೆ ಆದ ಹೆಮ್ಮೆಯನ್ನು ಏನೆಂದು ಹೇಳಲಿ? ಆದರೆ ಎದುರಿಗೆ ತೋರಿಸಿಕೊಳ್ಳುವ ಹೆಂಗಸಲ್ಲ ನಾನು. ಮಷೀನು ಆರಿಸಿ ಎದ್ದೆ.

"ಅಮ್ಮ," ಎಂದ ಶ್ರೀವತ್ಸ. ಆಂಟಿ ಎನ್ನಲು ಅವನಿಗೂ ಬಾಯಿ ಬರಲಿಲ್ಲ. "ಅಮ್ಮ, ನಾಳೆ ನನ್ ಜೊತೆ ಒಂದು ಆಟ ಆಡ್ತೀರಾ?"

ನಾನು ಅವನನ್ನು ಮೇಲಿಂದ ಕೆಳಗೆ ನೋಡಿದೆ.

"ಆಡ್ತೀನಿ. ಆದ್ರೆ ಮೊದ್ಲು ನನ್ನ ಮಗನ್ನ ಸೋಲಿಸ್ಕೊಂಡ್ ಬಾ," ಎಂದೆ.